ಷಡ್ಡಕನ ಗುರಿ

ಭಾನುವಾರ, ನವೆಂಬರ್ 16, 2025

ಮುನೀಂದ್ರನನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದೇ ತಪ್ಪಾಯಿತು. ಷಡ್ಡಕ ಅಂತ ಒಬ್ಬ ಇರಲೇಬೇಕೆ? ಬೂದಿಗೆರೆಯ ಮಾವನ ಮನೆಗೆ ಅವನು ಹೋದರೆ ನಾಟಿಕೋಳಿ ಸಾರು, ನಾನು ಹೋದರೆ ಉಪ್ಪಿಟ್ಟು. ವರ್ಷದಿಂದ ಏರ್ ರೈಫಲ್ ಕಲಿಯುತ್ತಿದ್ದೇನೆ, ಇದೊಂದರಲ್ಲಾದರೂ ಮಾವನ ಕಣ್ಣೆದುರು ಅವನನ್ನು ಸೋಲಿಸೋಣ ಎಂದುಕೊಂಡಿದ್ದೆ.

ಅವನು ಗುರಿಯಿಡುವ ಚಂದ ನೋಡಬೇಕು! ಕೆನ್ನೆ ರೈಫಲ್ಲಿಗೆ ತಾಗುವುದೇ ಇಲ್ಲ. ಟ್ರಿಗರನ್ನು ಬೈಕಿನ ಬ್ರೇಕ್ ಹಿಡಿದಂತೆ ಎಳೆಯುತ್ತಾನೆ, ಎಳೆಯುವಾಗ ಎರಡೂ ಕಣ್ಣು ಮುಚ್ಚುತ್ತಾನೆ. ಅವನ ಗುರಿಯ ಕಾಗದಕ್ಕೆ ಒಂದು ಗುಂಡೂ ತಾಗಲಿಲ್ಲ. ಆದರೂ ಮಾವ ಅವನ ಬೆನ್ನು ತಟ್ಟಿ ತಟ್ಟಿ ನಗುತ್ತಿದ್ದರು.

ನಾನು ಪಕ್ಕದಲ್ಲೇ ನಿಂತು, ಕಲಿಸಿದ ಹಾಗೆ ಉಸಿರು ಹಿಡಿದು, ಕೊನೆಯ ಗುಂಡು ಹೊಡೆಯಲು ಗುರಿಯಿಟ್ಟಿದ್ದೆ. ನಾನು ಟ್ರಿಗರ್ ಒತ್ತುವ ಮೊದಲೇ ನನ್ನ ಕಾಗದ ಅದುರಿತು. ತಿರುಗಿ ನೋಡಿದರೆ ಮುನೀಂದ್ರ ಆಗಷ್ಟೇ ಕಣ್ಣು ಬಿಡುತ್ತಿದ್ದ.

ಕಾಗದ ತೆಗೆದು ನೋಡಿದಾಗ ನಟ್ಟನಡುವೆ ಒಂದು ತೂತು. ನನ್ನವೆಲ್ಲ ಅದರಿಂದ ದೂರ, ಅಂಚಿನ ಹತ್ತಿರ.

“ಅಳಿಯಂದ್ರೇ, ಸೆಂಟರ್‌ಗೇ ಹೊಡ್ದಿದ್ದೀರಲ್ಲ! ಕೊಡಿ ಇಲ್ಲಿ, ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ನೇತಾಕ್ತೀನಿ,” ಅಂದರು ಮಾವ.

“ಸೂಪರ್ ಗುರು! ನಂಗೂ ಸ್ವಲ್ಪ ಹೇಳ್ಕೊಡಿ,” ಅಂದ ಮುನೀಂದ್ರ. ಪಾಪ, ಅವನಿಗೆ ಗೊತ್ತೇ ಇಲ್ಲ. ನಾನು ಹೂಂ ಅಂದೆ.

ಮದುವೆಯಾದ ಮೇಲೆ ಮಾವ ನನ್ನನ್ನು ಹೊಗಳಿದ್ದು ಇದೇ ಮೊದಲು. ಆ ಗುಂಡನ್ನೂ ಅವನೇ ಹೊಡೆಯಬೇಕಿತ್ತೇ?