ಚೀಟಿಯ ಎರಡನೇ ಸಾಲು

ನನ್ನ ಅಪ್ಪನಿಗೆ,

ನೀನು ಹೋಗಿ ಇಂದಿಗೆ ಏಳು ವಾರ. ಶೆಡ್ಡಿನ ಬಾಗಿಲು ತೆಗೆಯಲು ನನಗೆ ಇಷ್ಟು ದಿನ ಬೇಕಾಯಿತು. ನಿನ್ನ ಸ್ಟೂಲಿನ ಮೇಲೇ ಕೂತು ಬರೆಯುತ್ತಿದ್ದೇನೆ. ತೋಟಾ ತುಂಬುವ ಯಂತ್ರದ ಹಿಡಿಗೆ ನಿನ್ನ ಟೋಪಿ ಇನ್ನೂ ನೇತಾಡುತ್ತಿದೆ. ಅದನ್ನು ತೆಗೆಯುವ ಧೈರ್ಯ ನನಗಿಲ್ಲ, ಬಿಡು.

ನವೆಂಬರಿನಲ್ಲೇ ಹೇಳಬೇಕಿದ್ದ ಮಾತು ಇದು: ಆ ದಿನ ನಿನ್ನ ಗುರಿ ತಪ್ಪಿರಲಿಲ್ಲ. ತಪ್ಪಿದ್ದು ನಾನು.

ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಕಳೆದ ಬೇಸಿಗೆಯಲ್ಲಿ ಗಂಡು ಎಲ್ಕ್ ಜಿಂಕೆ ಹೊಡೆಯುವ ಪರವಾನಗಿ ಲಾಟರಿಯಲ್ಲಿ ನಿನ್ನ ಹೆಸರಿಗೆ ಎದ್ದಿತು. ಎಪ್ಪತ್ತನಾಲ್ಕರ ಮುದುಕ, ಅಡುಗೆಮನೆಯಲ್ಲಿ ಕುಣಿದೇಬಿಟ್ಟೆಯಲ್ಲ! "ಮೊಂಟಾನಾದಲ್ಲಿ ಹುಟ್ಟಿದ್ದಕ್ಕೂ ಸಾರ್ಥಕ ಆಯ್ತು. ಕೈ ನಡುಗುತ್ತೆ ಪುಟ್ಟಿ, ಮದ್ದು ತೂಗೋಕಾಗಲ್ಲ. ಈ ಸಲ ತೋಟಾ ನೀನೇ ತುಂಬು" ಎಂದು ನೀನು ಹೇಳಿದಾಗ ನನಗೆ ಕೊಂಬು ಬಂದಿತ್ತು. ಬೇರೆಯವರು ಮುಟ್ಟಿದ ತೋಟಾವನ್ನು ಕೋವಿಗೆ ಹಾಕಿದವನೇ ಅಲ್ಲ ನೀನು.

ಜುಲೈ ತಿಂಗಳು, ಶೆಡ್ಡಿನ ತಗಡು ಕಾದು ಹಂಚಾಗಿತ್ತು. ಕೇಪು ಕೂರಿಸಿ, ಮದ್ದನ್ನು ಕಾಳುಕಾಳಾಗಿ ತೂಗಿ ಇಪ್ಪತ್ತೈದು ತುಂಬಿದೆ. ಐದನ್ನು ನಾನೂರು ಗಜಕ್ಕೆ ಹೊಡೆದು ನೋಡಿದೆ. ಐದೂ ಅಂಗೈಯಗಲದಲ್ಲಿ ಕೂತವು. ನಿನ್ನ ಪದ್ಧತಿಯಂತೆ, ಗುಂಡು ಎಲ್ಲಿ ಬಿತ್ತೆಂದು ಬರೆಯುವ ಚೀಟಿಯನ್ನು ತೋಟಾ ಪೆಟ್ಟಿಗೆಯೊಳಗೆ ಇಟ್ಟೆ. ಮೊದಲ ಸಾಲು ಬಿಸಿಲಿಗೆ, ಎರಡನೇದು ಚಳಿಗೆ. ಬಿಸಿಲಿನಲ್ಲಿ ಚುರುಕಾಗಿ ಉರಿಯುವ ಮದ್ದು ಚಳಿಯಲ್ಲಿ ಸೋಮಾರಿಯಾಗುತ್ತದೆ, ಗುಂಡು ನಿಧಾನವಾಗಿ ಹೋಗಿ ಗುರಿಗಿಂತ ಕೆಳಗೆ ಬೀಳುತ್ತದೆ ಎಂದು ನನಗೆ ಹತ್ತು ವರ್ಷಕ್ಕೇ ಕಲಿಸಿದವನು ನೀನು. ಹಿಮ ಬಿದ್ದ ಮೇಲೆ ಮತ್ತೆ ಹೊಡೆದು ನೋಡದೆ ಎರಡನೇ ಸಾಲು ತುಂಬುವಂತಿಲ್ಲ ಎಂಬುದು ನಿನ್ನ ಕಟ್ಟಪ್ಪಣೆ. ಆಸ್ಪತ್ರೆಯ ಪಾಳಿ, ಅದು ಇದು ಎಂದು ನಾನು ಮುಂದೂಡುತ್ತಲೇ ಹೋದೆ. ನವೆಂಬರಿನಲ್ಲಿ ಬೇಟೆಗೆ ಹೊರಡುವ ಹಿಂದಿನ ದಿನ ನೀನು ಕೇಳಿದೆ, "ಚಳೀಲಿ ಹೊಡೆದು ನೋಡಿದ್ಯಾ?"

"ಹೂಂ ಅಪ್ಪ, ಏನೂ ವ್ಯತ್ಯಾಸ ಇಲ್ಲ" ಎಂದುಬಿಟ್ಟೆ ನಾನು. ಆಮೇಲೆ ಶೆಡ್ಡಿಗೆ ಬಂದು ಎರಡನೇ ಸಾಲಿನಲ್ಲಿ "ಸರಿ ಇದೆ" ಎಂದು ಬರೆದೆ.

ಆ ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ದುರ್ಬೀನಿನ ಗಾಜು ಮಂಜಾಗದಿರಲೆಂದು ಎಂದಿನಂತೆ ಕೋವಿ, ತೋಟಾ ಎರಡನ್ನೂ ನೀನು ಗುಡಾರದ ಹೊರಗೇ ಇಟ್ಟಿದ್ದೆ. ಕುದುರೆಯಷ್ಟೆತ್ತರದ ಆ ಜೀವ ನಾನೂರು ಗಜದಾಚೆ ಅಡ್ಡ ನಿಂತಿತ್ತು. ನೀನು ಯಾವಾಗಲೂ ಎದೆಯ ಕೆಳಗಡೆ, ಗುಂಡಿಗೆಗೇ ಗುರಿ ಹಿಡಿಯುವವನು. ಈಡು ಹಾರಿತು. ಮುಂಗಾಲು ಮುರಿದುಕೊಂಡು ಅದು ಕುಂಟುತ್ತ ಕಾಡು ಹೊಕ್ಕಿತು. ಎರಡು ದಿನ ರಕ್ತದ ಹನಿ ಹಿಡಿದು ಮೊಣಕಾಲುದ್ದ ಹಿಮದಲ್ಲಿ ಹುಡುಕಿದೆವು. ಮತ್ತೆ ಹಿಮ ಬಿದ್ದು ಜಾಡು ಮುಚ್ಚಿಹೋಯಿತು. "ನರಳಿ ನರಳಿ ಸಾಯುತ್ತೆ ಪುಟ್ಟಿ, ನನ್ನಿಂದ" ಎಂದು ಮರಕ್ಕೊರಗಿ ಅತ್ತುಬಿಟ್ಟೆ ನೀನು. ಅಮ್ಮ ತೀರಿಕೊಂಡಾಗಲೂ ನೀನು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ನೀನೊಬ್ಬನೇ ಕೋವಿ ಹಿಡಿದು ಹೋದೆ. ಬಂದವನೇ ಅದಕ್ಕೆ ಎಣ್ಣೆ ಹಚ್ಚಿ ಒರೆಸಿ, "ಇನ್ನು ನಂಗೆ ಬೇಡ, ನೀನಿಟ್ಕೋ" ಎಂದು ನನ್ನ ಕೈಗೆ ಕೊಟ್ಟೆ.

ಕ್ರಿಸ್‌ಮಸ್ ಊಟಕ್ಕೆ ಊರಿನ ನಾಲ್ಕಾರು ಜನರ ಜೊತೆ ಪಕ್ಕದ ಮನೆಯ ಡ್ಯೂಯಿಯೂ ಬಂದಿದ್ದ. ಅವನ ಬಾಯಿಗೆ ಬೀಗ ಎಲ್ಲಿದೆ? "ಏನಪ್ಪಾ ಹಾಲ್ವರ್, ಹತ್ತೊಂಬತ್ತು ವರ್ಷ ಕಾದು ಕಾಲಿಗೆ ಹೊಡೆದ್ಯಂತೆ! ಮುಂದಿನ ಸಲ ಎಲ್ಕ್ ತಂದು ನಿನ್ನ ಅಂಗಳದಲ್ಲೇ ಕಟ್ಟಿಹಾಕ್ತೀನಿ ಬಿಡು" ಎಂದ. ಎಲ್ಲರೂ ನಕ್ಕರು. ನೀನೂ ನಕ್ಕು, "ಹೌದು ಮಾರಾಯ, ಕಣ್ಣೂ ಹೋಯ್ತು, ಕೈಯೂ ಹೋಯ್ತು. ತೋಟಾ ಮಾತ್ರ ಅಪ್ಪಟ, ನನ್ನ ಮಗಳು ತುಂಬಿದ್ದು" ಎಂದೆ. ನಾನು ತಲೆಯೆತ್ತದೆ ರೊಟ್ಟಿಗೆ ಬೆಣ್ಣೆ ಸವರುತ್ತ ಕೂತಿದ್ದೆ. ಛೀ, ಎಂಥ ಮಗಳು ನಾನು!

ಇವತ್ತು ಆ ಪೆಟ್ಟಿಗೆ ತೆಗೆದೆ ಅಪ್ಪ. ಹತ್ತೊಂಬತ್ತು ತೋಟಾ ಇರಬೇಕಿತ್ತು, ಹದಿನಾರಿವೆ. ನಾನು ಬರೆದ "ಸರಿ ಇದೆ" ಮೇಲೆ ಪೆನ್ಸಿಲಿನಲ್ಲಿ ಗೀಟು ಹೊಡೆದಿದೆ. ಪಕ್ಕದಲ್ಲಿ ನಿನ್ನ ನಡುಗುವ ಅಕ್ಷರ: "ಡಿಸೆಂಬರ್ 9. ಸೊನ್ನೆಗಿಂತ 18 ಕೆಳಗೆ. ಮೂರು ಈಡು, ಮೂರೂ ಒಂದೇ ಕಡೆ. ಗುರಿಗಿಂತ ಆರು ಇಂಚು ಕೆಳಗೆ."

ಅಂದರೆ ಕ್ರಿಸ್‌ಮಸ್‌ಗೆ ಮೊದಲೇ ನಿನಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಊರವರೆದುರು ಕಣ್ಣು ಹೋಯ್ತು ಅಂತ ಒಪ್ಪಿಕೊಂಡೆಯಾ? ನನಗೆ ಎರಡು ಬಾರಿಸಬಾರದಿತ್ತೇ? ಆಮೇಲೆ ಎರಡು ತಿಂಗಳು ದಿನವೂ ಎದುರುಬದುರು ಕೂತು ಕಾಫಿ ಕುಡಿದೆವು. ಎಷ್ಟೋ ಸಲ ನೀನು ಕಪ್ಪು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದೆ. ಏನಪ್ಪಾ ಎಂದರೆ, "ಏನಿಲ್ಲ ಪುಟ್ಟಿ." ನಾನಾಗೇ ಹೇಳಲಿ ಎಂದು ಕಾಯುತ್ತಿದ್ದೆ, ಅಲ್ಲವಾ? ಕಾದೂ ಕಾದೂ ಹೊರಟುಹೋದೆ.

ನಾಳೆ ಡ್ಯೂಯಿಯ ಮನೆಗೆ ಈ ಚೀಟಿ ಹಿಡಿದುಕೊಂಡು ಹೋಗುತ್ತೇನೆ. ಅವನ ಮುಂದೆ ಓದಿ ಹೇಳುತ್ತೇನೆ. ಆದರೆ ಮೊದಲು ನಿನಗೆ ಹೇಳಬೇಕು. ಬೇಟೆಗೆ ಮುಂಚೆ ನೀನು ಕೇಳಿದ್ದನ್ನೇ ಇನ್ನೊಂದು ಸಲ ಕೇಳಿದೆ ಅಂದುಕೋ.

ಇಲ್ಲ ಅಪ್ಪ. ಚಳಿಯಲ್ಲಿ ಹೊಡೆದು ನೋಡಿರಲಿಲ್ಲ.

ಇದ್ದಲ್ಲಿ ಬೆಚ್ಚಗಿರು.

ನಿನ್ನ ಪುಟ್ಟಿ,
ಥಿಯಾ