ಚಿತ್ರದಲ್ಲಿ ಜುಂಜ

೬ ಜನವರಿ ೧೯೭೪
ಇವತ್ತೂ ಅದೇ ಕೆಲಸ. ವಾರಪತ್ರಿಕೆಯ ಮಕ್ಕಳ ಪುಟಕ್ಕೆ ‘ನಮ್ಮ ಹಟ್ಟಿ’ ಚಿತ್ರಕತೆ ಬರೆಯುವುದು. ಗುಡಿಸಲು, ಕುರಿರೊಪ್ಪ, ಅಪ್ಪ, ಅವ್ವ, ಚಿಕ್ಕವನಾಗಿದ್ದ ನಾನು — ಎಲ್ಲರೂ ನಗಬೇಕು. ಸಂಪಾದಕ ಮೂಡಲಗಿರಿಯಪ್ಪನವರ ರೂಲ್: ಅಳು ಬೇಡ, ಸಾವು ಬೇಡ. ನಮ್ಮೂರು ಹಿರೇಗುಂಟನೂರು ಆಗ ಹೀಗೇ ಇತ್ತು ಅನ್ನಿಸಬೇಕು. ಹೀಗಿರಲಿಲ್ಲ. ಅಪ್ಪ ವರ್ಷದ ಮುಕ್ಕಾಲು ಕುರಿಯ ಹಿಂದೆ ಊರೂರು ಅಲೆಯುತ್ತಿದ್ದ. ಬೆರಳು ನೋವು.

೧೩ ಜನವರಿ
ಅವ್ವನಿಗೆ ಓದು ಬಾರದು. ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು.
“ಜುಂಜ ಎಲ್ಲಿ?”
ನನ್ನ ತಮ್ಮ. ಐದು ವರ್ಷದವನಿದ್ದಾಗ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋಗಿ, ದಾರಿಯಲ್ಲೇ ಜ್ವರ ಬಂದು ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಅವ್ವನಿಗೆ ಅವನ ಮುಖ ನೋಡಲೂ ಸಿಗಲಿಲ್ಲ.
“ಅವ್ನಿಲ್ವಲ್ಲವ್ವ.”
“ನಿಮ್ಮಪ್ಪನೂ ಇಲ್ಲ. ಬರ್ದಿದೀಯಲ್ಲ.”

೨೦ ಜನವರಿ
ಬರೆದೆ. ಮರಿ ಎತ್ತಿಕೊಂಡ ಹುಡುಗ, ಚೌಕಳಿ ಅಂಗಿ.
“ಅಂಗಿ ಎಲ್ಲಿತ್ತಪ್ಪ ಅವನಿಗೆ” ಎಂದಳು. ಆಮೇಲೆ, “ಇರ್ಲಿ ಬಿಡು. ಚಳಿ ಐತೆ.”

೧೭ ಫೆಬ್ರವರಿ
ವಾರ ವಾರವೂ ಕೇಳುತ್ತಾಳೆ — ಜುಂಜ ಏನ್ ಮಾಡ್ದ? ಈಜಿದ. ಮರ ಹತ್ತಿದ. ಪಕ್ಕದ ಮನೆಯ ಓಬಮ್ಮನಿಗೂ ವರದಿ: “ನನ್ ಕಿರಿಮಗ ಶ್ಯಾನೆ ತಂಟೆ ಕಣೆ.”
“ಕಂಬಕ್ಕೆ ಕಟ್ಹಾಕು ಮುದ್ದಕ್ಕ” ಎಂದು ಆಕೆ.
ನಾನು ತಿದ್ದಲಿಲ್ಲ. ದಣಿವು, ಅಷ್ಟೇ... ಅಷ್ಟೇ ಇರಲಾರದು.

೧೦ ಮಾರ್ಚ್
ನ್ಯೂಸ್‌ಪ್ರಿಂಟ್ ಅಭಾವ. ಮಕ್ಕಳ ಪುಟ ರದ್ದು. “ಕಾಟಲಿಂಗಪ್ಪ, ಈ ವಾರಕ್ಕೆ ಹಟ್ಟಿ ಮುಗ್ಸಪ್ಪ. ಚೆಂದಾಗಿ ಮುಗ್ಸು” ಎಂದರು ಸಂಪಾದಕರು.
ಅವ್ವನಿಗೆ ಹೇಳಿದೆ. ಜುಂಜ ಅಪ್ಪನ ಜೊತೆ ಕುರಿಯ ಹಿಂದೆ ಹೊರಟ ಹಾಗೆ ಬರೆಯಲೇ ಎಂದೂ ಕೇಳಿದೆ. ಎಲ್ಲರೂ ಹಾಗೇ ಮುಗಿಸುವುದು — ದಾರಿ, ದೂರದ ಗುಡ್ಡ. ಬಾಯಿ ಬಿಟ್ಟ ಮೇಲೆ ಹೊಳೆಯಿತು, ಅವನು ಹೋದದ್ದೂ ಹಾಗೇ. ಅವ್ವ ಉಣ್ಣಲಿಲ್ಲ.

೧೧ ಮಾರ್ಚ್, ಬೆಳಿಗ್ಗೆ
“ಕುರಿ ಜೊತೆ ಕಳಿಸ್ಬ್ಯಾಡ. ಇಸ್ಕೂಲಿಗೆ ಹಾಕು.”

೧೨ ಮಾರ್ಚ್, ಸಂಜೆ
ಸ್ಕೂಲಿನ ಬಾಗಿಲು. ಸ್ಲೇಟು, ಎಣ್ಣೆ ಹಚ್ಚಿದ ತಲೆ, ನಗು. ಪ್ರೆಸ್ಸಿಗೆ ಕೊಡುವ ಮುಂಚೆ ತೋರಿಸಿದೆ. ಬಹಳ ಹೊತ್ತು ನೋಡಿದಳು.
“ಕರ್ಕಂಡ್ ಬರಾಕೆ ಯಾರು ಹೋಗ್ತಾರೆ?”
“ನಾನೇ ಹೋಗ್ತೀನಿ.”
“ಯಾವಾಗ?”
ಬರುವ ವಾರ ಪುಟವೇ ಇಲ್ಲ. ಬ್ರಷ್ ತೊಳೆದಿಟ್ಟಾಗಿತ್ತು. ಮತ್ತೆ ತೆಗೆದೆ. ಬಾಗಿಲ ಪಕ್ಕ ಜಾಗವಿದೆ. ಅಲ್ಲಿ ಕಾಯುತ್ತ ನಿಂತ ಹಾಗೆ, ತಲೆ ನರೆತ ಈಗಿನ ನನ್ನನ್ನೇ ಬರೆದೆ. ಮೂಡಲಗಿರಿಯಪ್ಪನವರು ಇವನು ಯಾರು ಎಂದರೆ, ಹುಡುಗನ ಅಣ್ಣ ಎನ್ನುತ್ತೇನೆ.