ನಗು ತೆಗೆದು ಬರೆಯಿರಿ

ಭಾನುವಾರ, ಜುಲೈ ೧೪

ನಗೆ ನಿಲ್ಲದ ನನ್ನ ಯಜಮಾನರಿಗೆ,

ನಿಮ್ಮ ಅಣ್ಣನ ಮನೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಪಕ್ಕದ ಕೋಣೆಯವರಿಗೂ ಮೆಸೇಜು ಕಳಿಸುವ ಈ ಕಾಲದಲ್ಲಿ ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ಕಾರಣ ನೀವೇ.

ಗುರುವಾರ ಅಂಗಡಿಯಲ್ಲಿ ಒಬ್ಬ ಅಜ್ಜನ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುತ್ತಿದ್ದೆ. ಫೋನು ಗುರ್ ಎಂದಿತು. "ಮನೆಗೆ ವಾಪಸ್ ಬರ್ಲಾ? ಎಲ್‌ಓಎಲ್" ಎಂದು ನಿಮ್ಮ ಮೆಸೇಜು. ಗಾಬರಿಯಲ್ಲಿ ಕನ್ನಡಕದ ಕಡ್ಡಿಯನ್ನು ಅಜ್ಜನ ಕಿವಿಯೊಳಗೇ ತುರುಕಿಬಿಟ್ಟೆ. ಅವರು ಪಾಪ, ಅದೂ ಪರೀಕ್ಷೆಯ ಭಾಗ ಎಂದುಕೊಂಡು ಸುಮ್ಮನೆ ಕೂತಿದ್ದರು.

ನಾನು ಏನೆಂದು ಅರ್ಥ ಮಾಡಿಕೊಳ್ಳಲಿ ಹೇಳಿ? ಬಿದ್ದು ಬಿದ್ದು ನಗುತ್ತಿದ್ದೇನೆ ಎನ್ನುವ ಆ ಮೂರು ಇಂಗ್ಲಿಷ್ ಅಕ್ಷರ ಇಲ್ಲದೆ ನಿಮ್ಮ ಒಂದು ಮೆಸೇಜೂ ಮುಗಿಯುವುದಿಲ್ಲ. ಲಿಫ್ಟ್ ರಿಪೇರಿ ಮಾಡುವ ನೀವೇ ಅದರೊಳಗೆ ಸಿಕ್ಕಿಹಾಕಿಕೊಂಡಾಗಲೂ ಎಲ್‌ಓಎಲ್. ಬೆರಳು ಜಜ್ಜಿ ಹೊಲಿಗೆ ಬಿದ್ದಾಗಲೂ ಎಲ್‌ಓಎಲ್. ನಿಮ್ಮ ದೊಡ್ಡಪ್ಪ ತೀರಿಕೊಂಡ ಸುದ್ದಿಯನ್ನು ಕುಟುಂಬದ ಗ್ರೂಪಿಗೆ ಹಾಕಿದಾಗಲೂ ಅದೇ. ದೊಡ್ಡಮ್ಮ ಕೆಂಡಾಮಂಡಲವಾದರೆ "ಅಭ್ಯಾಸಬಲ, ಕ್ಷಮಿಸಿ, ಎಲ್‌ಓಎಲ್" ಎಂದಿರಿ. ಅವರು ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ಹಾಕಿದ್ದು ನೀವು, ಬೈಸಿಕೊಂಡಿದ್ದು ನಾನು.

ಬೇಸಿಗೆಯಲ್ಲಿ ನಡೆದದ್ದು ಮಾತ್ರ ನನಗೆ ತಮಾಷೆಯಲ್ಲ. ನಿಮ್ಮ ಹತ್ತಿರ ಒಂದು ಮಾತು ನೆಟ್ಟಗೆ ಆಡೋಕಾಗಲ್ಲ ಎಂದು ಬೆಳಿಗ್ಗೆ ರೇಗಿದೆ. ಸಂಜೆ "ಇನ್ಮೇಲೆ ಅಣ್ಣನ ಮನೇಲೇ ಇರ್ತೀನಿ, ಎಲ್‌ಓಎಲ್" ಎಂದು ಬಂತು. ತಮಾಷೆ ಎಂದುಕೊಂಡು ಎರಡು ತಟ್ಟೆ ಹಾಕಿ ಕಾದೆ. ಮಾರನೇ ದಿನ ನಿಮ್ಮ ಅಣ್ಣ ಬಂದು, ತಲೆ ತಗ್ಗಿಸಿಕೊಂಡು ನಿಮ್ಮ ಬಟ್ಟೆ ಕೇಳಿದಾಗಲೇ ನಿಜವೆಂದು ತಿಳಿದದ್ದು. ರೀ, ಅವತ್ತು ತುಂಬಾ ಅತ್ತುಬಿಟ್ಟೆ.

ಈಗಿನದನ್ನು ನಂಬಲೇ, ಬಿಡಲೇ? ಅಂಗಡಿಯ ಕ್ಯಾಷಿಯರ್ ಹುಡುಗಿ ಎರಡೆರಡು ಸಲ ಓದಿ, ಇದು ಪಕ್ಕಾ ತಮಾಷೆ, ಮರ್ಯಾದೆ ಕಳ್ಕೋಬೇಡಿ ಅಕ್ಕಾ ಎಂದಳು. ಅಮ್ಮ ಓದುವ ಗೋಜಿಗೇ ಹೋಗಲಿಲ್ಲ; ಅಳಿಯಂದ್ರು ಬರ್ತಾರೆ, ಹಾಸಿಗೆ ಬಿಸಿಲಿಗೆ ಹಾಕು ಎಂದಳು. ಹಾಕಿದ್ದೇನೆ. ನಿಮಗಾಗಿ ಅಲ್ಲ, ಹೇಗೂ ಬಿಸಿಲಿತ್ತು.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು, ಅದೇ ಪ್ರಶ್ನೆಯನ್ನು ನಗು ತೆಗೆದು ಬರೆಯಿರಿ. ಕೆಳಗೆ ಸಹಿ ಹಾಕಿ. ಬರುವ ಮನಸ್ಸಿಲ್ಲದಿದ್ದರೆ ಅದನ್ನೂ ಹಾಗೇ ಬರೆಯಿರಿ, ತಡೆದುಕೊಳ್ಳುತ್ತೇನೆ. ನಗುತ್ತಾ ಹೇಳಿದರೆ ಮಾತ್ರ ಇನ್ನೊಂದು ಸಲ ತಡೆದುಕೊಳ್ಳಲಾರೆ.

ಇನ್ನೂ ನಿಮ್ಮವಳೇ ಎಂದುಕೊಂಡಿರುವ
ಮನೆಯವಳು

ತಾ.ಕ.: ಇಷ್ಟು ದಿನ ಉತ್ತರ ಕೊಡದೆ ಬೇಕೆಂದೇ ಸತಾಯಿಸಿದಳು ಎಂದುಕೊಳ್ಳಬೇಡಿ. ಗುರುವಾರವೇ "ಬನ್ನಿ" ಎಂದು ಟೈಪ್ ಮಾಡಿದ್ದೆ. ಒಂದು ವೇಳೆ ನಿಮ್ಮದು ತಮಾಷೆಯಾಗಿದ್ದರೆ ಎಂದು ಹೆದರಿ, ಅದರ ಪಕ್ಕದಲ್ಲಿ ನಾನೂ ಆ ಮೂರಕ್ಷರ ಒತ್ತಿಬಿಟ್ಟೆ. ನೀವು ಅದನ್ನು ಯಾಕೆ ಹಾಕುತ್ತೀರೆಂದು ಆಗ ತಿಳಿಯಿತು. ಎಲ್ಲ ಅಳಿಸಿ, ಈ ಕಾಗದ ಹಿಡಿದು ಕೂತೆ. ಹಾಳೆ ಗೀಳೆ, ಸಹಿ ಏನೂ ಬೇಡ. ಬನ್ನಿ.